ನಿತ್ಯಜೀವದ ಮೇಲೆ ಕಣ್ಣಿಟ್ಟು ನಡೆದ ಸಂತ ಜೋಸೆಫ್ ವಾಜ್

ಸಂತ ಜೋಸೆಫ್ ವಾಜ್ ಎಂದೊಡನೆ ನಮ್ಮ ಕರಾವಳಿಯ ಕ್ರೈಸ್ತರಿಗೆ ಮುಡಿಪು ಗುಡ್ಡ ನೆನಪಾಗುತ್ತದೆ. ರೋಗಿಯೊಬ್ಬರ ನೆಪ ಹೇಳಿ ಅವರನ್ನು ರಾತ್ರಿ ಹೊತ್ತಿನಲ್ಲಿ ಕೊಲ್ಲಲು ಕರೆದೊಯ್ದರೆಂದೂ, ಅವರು ಪ್ರಾರ್ಥಿಸಿದ ಜಾಗದಲ್ಲಿ ನೀರಿನ ಒರತೆಗಳು ಚಿಮ್ಮಿದವೆಂದೂ ಹಿರಿಯರಿಂದ ಕೇಳುತ್ತಾ ಬಂದಿದ್ದೇವೆ. ಹರಕೆ ಹೊತ್ತು ಆ ಗುಡ್ಡ ಹತ್ತುವವರು ಇಂದಿಗೂ ಅನೇಕರು. ಆದರೆ ಆ ಒಂದು ಅದ್ಭುತದ ಕಥೆಯ ಬೆಳಕಿನಲ್ಲಿ ಅವರ ಬದುಕಿನ ಉಳಿದ ಭಾಗ ನಮಗೆ ಸರಿಯಾಗಿ ಕಾಣದೇ ಹೋಗಿದೆಯೇನೋ ಎಂದು ನಮಗನಿಸುತ್ತದೆ. ರಾತ್ರಿ ಹೊತ್ತು ರೋಗಿಯ ಹೆಸರು ಕೇಳಿದೊಡನೆ ಹಿಂದೆ ಮುಂದೆ ನೋಡದೆ ಹೊರಟ ಆ ಸ್ವಭಾವವೇ ಅವರ ಇಡೀ ಜೀವನವನ್ನು ನಡೆಸಿತು.

1651ರ ಏಪ್ರಿಲ್ 21ರಂದು ಗೋವಾದ ಬೆಣಾವ್ಲಿಯಲ್ಲಿ, ತಾಯಿಯ ಊರಿನಲ್ಲಿ, ಅವರು ಜನಿಸಿದರು. ತಂದೆಯ ಊರು ಸಾಂಕ್ವಾಳ್. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಆಗಸ್ಟ್ 5ರಂದು ತಮ್ಮನ್ನು ಮಾತೆ ಮರಿಯಳ ದಾಸನೆಂದು ಬರೆದುಕೊಟ್ಟು ಸಹಿ ಹಾಕಿದರು. ಆ ಕಾಲದ ಗೋವಾದಲ್ಲಿ ಸ್ಥಳೀಯ ಗುರುಗಳಿಗೆ ಯುರೋಪಿನ ಸನ್ಯಾಸ ಸಭೆಗಳ ಬಾಗಿಲು ತೆರೆದಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಪ್ರತಿಭೆ, ಭಕ್ತಿ ಎಷ್ಟಿದ್ದರೂ ಅವರ ಜಾಗ ಹಿಂದಿನ ಸಾಲಿನಲ್ಲೇ.

1681ರಲ್ಲಿ ಅವರನ್ನು ಕೆನರಾಕ್ಕೆ ಕಳುಹಿಸಲಾಯಿತು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಧರ್ಮಸಭೆಯೊಳಗೇ ದೊಡ್ಡ ಜಗಳವೊಂದು ನಡೆದಿತ್ತು. ಪೊರ್ಚುಗೀಸ್ ಅರಸನಿಗೆ ಸೇರಿದ ಪಾದ್ರುವಾದೊ ಹಕ್ಕಿನ ಪ್ರಕಾರ ಕೆನರಾ ಗೋವಾದ ಅಧೀನ. ಇತ್ತ ರೋಮಿನ ಪ್ರೊಪಗಾಂದಾ ಇಲಾಖೆಯು ಬಿಷಪ್ ತೋಮಸ್ ದೆ ಕಾಸ್ತ್ರೊ ಅವರನ್ನು ಇಲ್ಲಿಗೆ ನೇಮಿಸಿತ್ತು. ಅವರೂ ಗೋವಾದವರೇ. ಯಾರ ಮಾತು ಕೇಳಬೇಕು, ಯಾವ ಗುರುವಿನ ಬಳಿ ಪಾಪನಿವೇದನೆ ಮಾಡಿದರೆ ಸಲ್ಲುತ್ತದೆ ಎಂದು ತಿಳಿಯದೆ ಸಾಮಾನ್ಯ ವಿಶ್ವಾಸಿಗಳು ಕಂಗಾಲಾಗಿದ್ದರು. ಫಾದರ್ ವಾಜ್ ಗೋವಾದ ಕಡೆಯವರಾಗಿ ಬಂದವರು. ಆದರೂ ಬಿಷಪರನ್ನು ಕಂಡು ಮಾತನಾಡಿದರು, ವಿನಯ ಬಿಡಲಿಲ್ಲ, ಎರಡು ಅಧಿಕಾರಗಳ ನಡುವೆ ಆತ್ಮಗಳು ಕೆಡಬಾರದೆಂದು ದುಡಿದರು. ಇಂದು ವಾರ್ಡಿನ ಗುರ್ಕಾರ ಹುದ್ದೆಗೂ ಹಬ್ಬದ ಸಮಿತಿಗೂ ಮನಸ್ತಾಪ ಮಾಡಿಕೊಳ್ಳುವ ನಮಗೆ ಈ ಅಧ್ಯಾಯ ಸ್ವಲ್ಪ ಮುಜುಗರ ತರುವಂಥದ್ದೇ. ಮಂಗಳೂರು, ಗಂಗೊಳ್ಳಿ ಎಂದು ಊರೂರು ನಡೆದು, ಚದುರಿದ್ದ ಕುಟುಂಬಗಳನ್ನು ಒಟ್ಟುಗೂಡಿಸಿ 1684ರಲ್ಲಿ ಅವರು ಗೋವಾಕ್ಕೆ ಮರಳಿದರು.

ಅಲ್ಲಿ ಸ್ಥಳೀಯ ಗುರುಗಳ ಒಂದು ಪುಟ್ಟ ಗುಂಪು ಒಟ್ಟಾಗಿ ಬಾಳಲು ತೊಡಗಿತ್ತು. 1685ರಲ್ಲಿ ಅದು ಒರೆಟರಿ ಸಭೆಯಾಗಿ ರೂಪುಗೊಂಡಾಗ ಫಾದರ್ ವಾಜ್ ಅದರ ಶ್ರೇಷ್ಠರಾದರು. ತಮ್ಮವರದೇ ಆದ ಸಭೆ, ಗೌರವದ ಸ್ಥಾನ, ಮಾಡಲು ಬೇಕಾದಷ್ಟು ಕೆಲಸ. ಅಲ್ಲೇ ನಿಂತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅವರ ಮನಸ್ಸು ಸಿಲೋನಿನಲ್ಲಿತ್ತು.

1658ರಲ್ಲಿ ಡಚ್ಚರು ಜಾಫ್ನಾವನ್ನು ಗೆದ್ದ ಮೇಲೆ ಕಥೊಲಿಕ ಗುರುಗಳನ್ನೆಲ್ಲ ಹೊರಗಟ್ಟಿದ್ದರು. ಗುರುಗಳಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂಬ ಆಜ್ಞೆ ಜಾರಿಯಲ್ಲಿತ್ತು. ಸುಮಾರು ಮೂವತ್ತು ವರ್ಷ ಬಲಿಪೂಜೆಯಿಲ್ಲ, ಸಾಯುವವರ ಬಳಿ ಕೂರಲು ಗುರುವಿಲ್ಲ. ಗೋವಾದಲ್ಲಿ ಇದನ್ನು ಕೇಳಿ ಮರುಗಿದವರು ಬಹಳ ಮಂದಿ ಇದ್ದಿರಬೇಕು. ಫಾದರ್ ವಾಜ್ 1686ರಲ್ಲಿ ಶ್ರೇಷ್ಠರ ಸ್ಥಾನ ಬಿಟ್ಟು ಹೊರಟೇಬಿಟ್ಟರು. ಜೊತೆಗೆ ಜಾನ್ ಎಂಬ ನಂಬಿಗಸ್ತ ಸೇವಕ. ಸಂತರ ಚರಿತ್ರೆಗಳಲ್ಲಿ ಈ ಜಾನನಿಗೆ ಸಿಗುವುದು ಒಂದೆರಡು ಸಾಲು ಮಾತ್ರ. ಆದರೆ ಅಪಾಯದಲ್ಲಿ ಅವನ ಪಾಲೇನೂ ಕಡಿಮೆಯಿರಲಿಲ್ಲ.

ತೂತುಕುಡಿಯಿಂದ ಕೂಲಿಯಾಳಿನ ವೇಷದಲ್ಲಿ ಹಡಗು ಹತ್ತಿದರು. 1687ರಲ್ಲಿ ಜಾಫ್ನಾ ತಲುಪುವಾಗ ಹಸಿವು, ಬಾಯಾರಿಕೆ, ಭೇದಿಯಿಂದ ಇಬ್ಬರೂ ಸಾಯುವ ಸ್ಥಿತಿಯಲ್ಲಿದ್ದರು. ಚೇತರಿಸಿಕೊಂಡ ಬಳಿಕ ಕುತ್ತಿಗೆಗೆ ಜಪಮಾಲೆ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದರು. ಜಪಮಾಲೆ ಕಂಡು ಯಾರ ಮುಖ ಅರಳುತ್ತದೋ ಆ ಮನೆಯವರು ಕ್ರೈಸ್ತರೆಂದು ತಿಳಿಯುವ ಉಪಾಯ ಅದು. ಹೀಗೆ ಒಂದೊಂದೇ ಮನೆ ಹುಡುಕಿ, ತಮಿಳು ಕಲಿತು, ರಾತ್ರಿ ಹೊತ್ತು ಬಲಿಪೂಜೆ ಅರ್ಪಿಸಿ, ಬೆಳಗಾಗುವ ಮೊದಲು ಬೇರೆಡೆಗೆ ಸರಿದುಹೋಗುತ್ತಿದ್ದರು. ಒಂದು ಮನೆಯವರ ಪಾಪನಿವೇದನೆ ಕೇಳಲು ಒಂದಿಡೀ ರಾತ್ರಿಯ ಗಂಡಾಂತರವನ್ನು ಮೈಮೇಲೆ ಎಳೆದುಕೊಳ್ಳುವುದು ಲೋಕದ ಲೆಕ್ಕದಲ್ಲಿ ನಷ್ಟದ ವ್ಯಾಪಾರ. ಆ ಮನೆಯವರ ನಿತ್ಯಜೀವವನ್ನು ಲೆಕ್ಕಕ್ಕೆ ತೆಗೆದುಕೊಂಡವರಿಗೆ ಮಾತ್ರ ಅದು ಸರಿಹೋಗುತ್ತದೆ.

1692ರಲ್ಲಿ ಕ್ಯಾಂಡಿಗೆ ಹೋದಾಗ, ಅವರು ಪೊರ್ಚುಗೀಸರ ಗೂಢಚಾರನೆಂದು ಅರಸ ಎರಡನೇ ವಿಮಲಧರ್ಮಸೂರ್ಯನ ಕಿವಿಯೂದಿದವರಿದ್ದರು. ಸೆರೆಯಾಯಿತು. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಮುಂದೆ ಬರಗಾಲ ಬಂದಾಗ ಅವರ ಪ್ರಾರ್ಥನೆಗೆ ಮಳೆ ಬಂದಿತೆಂದೂ, ಅರಸನ ಮನಸ್ಸು ಕರಗಿತೆಂದೂ ಚರಿತ್ರೆಕಾರರು ಬರೆದಿದ್ದಾರೆ. ನಮಗಂತೂ ಅದಕ್ಕಿಂತ 1697ರ ಸಿಡುಬಿನ ಕಥೆ ಹೆಚ್ಚು ತಟ್ಟುತ್ತದೆ. ರೋಗ ಹರಡಿದಾಗ ಅರಸನೇ ಊರು ಬಿಟ್ಟ. ಮನೆಯವರು ತಮ್ಮ ರೋಗಿಗಳನ್ನು ಬಿಟ್ಟು ಓಡಿದರು. ಫಾದರ್ ವಾಜ್ ಮತ್ತು ಅವರ ಬಂಧು ಫಾದರ್ ಜೋಸೆಫ್ ಕಾರ್ವಾಲೊ ಮಾತ್ರ ನಿಂತರು. ಬೌದ್ಧರೋ ಕ್ರೈಸ್ತರೋ ಎಂದು ಕೇಳದೆ ರೋಗಿಗಳನ್ನು ಒಂದೆಡೆ ತಂದು ಉಣಿಸಿದರು, ಹುಣ್ಣು ತೊಳೆದರು, ಸತ್ತವರಿಗೆ ತಾವೇ ಗುಂಡಿ ತೋಡಿದರು. ಪರಲೋಕದ ಮೇಲೆ ಕಣ್ಣಿಟ್ಟವರು ಈ ಲೋಕದ ಕಷ್ಟಕ್ಕೆ ಕಣ್ಣು ಮುಚ್ಚುತ್ತಾರೆಂದು ಹೇಳುವವರು ಕ್ಯಾಂಡಿಯ ಆ ತಿಂಗಳುಗಳನ್ನು ಓದಬೇಕು. ಅದಾದ ಮೇಲೆ ಅವರು ಅರಸನ ರಾಜ್ಯದಲ್ಲಿ ಅಡ್ಡಿಯಿಲ್ಲದೆ ಸೇವೆ ಮಾಡಿದರು.

ಬಿಷಪ್ ಪದವಿಯ ಪ್ರಸ್ತಾಪ ಬಂದಾಗ ಅವರು ಬೇಡವೆಂದರು. ಗೋವಾದಿಂದ ಬಂದ ಕಿರಿಯ ಗುರುಗಳಿಗೆ ಊರುಗಳನ್ನು ಹಂಚಿಕೊಟ್ಟು, ಆರೋಗ್ಯ ಕೆಡುತ್ತಿದ್ದರೂ ನಡೆಯುವುದನ್ನು ನಿಲ್ಲಿಸಲಿಲ್ಲ. ಅವರಲ್ಲಿ 1705ರಲ್ಲಿ ಬಂದ ಫಾದರ್ ಜಾಕೊಮ್ ಗೊನ್ಸಾಲ್ವಿಸ್ ಮುಂದೆ ಸಿಂಹಳ ಹಾಗೂ ತಮಿಳಿನಲ್ಲಿ ಹಲವು ಧಾರ್ಮಿಕ ಗ್ರಂಥಗಳನ್ನು ಬರೆದರು. ಒಬ್ಬನೇ ಗುರುವಿನಿಂದ ಶುರುವಾದ ಕೆಲಸ ಹೀಗೆ ಒಂದು ಸಭೆಯ ಕೆಲಸವಾಯಿತು. 24 ವರ್ಷ ಅವರು ಆ ದ್ವೀಪದಲ್ಲಿದ್ದರು. ಗೋವಾಕ್ಕೆ ಮರಳಲೇ ಇಲ್ಲ.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ಪ್ರಭುವಿನಲ್ಲಿ ವಿಶ್ರಮಿಸಿದರು. ಆಗ ಅವರಿಗೆ 59 ವರ್ಷ. ಅಲ್ಲಿಯ ಚರ್ಚಿನಲ್ಲೇ ಸಮಾಧಿಯಾಯಿತು. ಮುಂದೆ ಕ್ಯಾಂಡಿಯ ಕ್ರೈಸ್ತರ ಮೇಲೆ ಮತ್ತೆ ಹಿಂಸೆ ನಡೆದು ಆ ಚರ್ಚು ಉಳಿಯಲಿಲ್ಲ. 1995ರ ಜನವರಿ 21ರಂದು ಪೋಪ್ ದ್ವಿತೀಯ ಜಾನ್ ಪಾವ್ಲ್ ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅದೇ ಊರಿನ ಗಾಲ್ ಫೇಸ್ ಮೈದಾನದಲ್ಲಿ ಲಕ್ಷಾಂತರ ಜನರ ಮುಂದೆ ಅವರಿಗೆ ಸಂತ ಪದವಿ ನೀಡಿದರು. ಎರಡು ಬಾರಿಯೂ ಭಕ್ತರು ಮುತ್ತಿಕ್ಕಿ ನಮಿಸಲು ಅವರ ಸಮಾಧಿ ಇರಲಿಲ್ಲ. ಅದು ಎಲ್ಲಿದೆಯೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ.