ಡಾ॥ ಲೆಸ್ಲಿ ಕೋಲ್ಮನ್: ಮಣ್ಣಿನ ಜೀವಾಣುಗಳನ್ನು ಅರಿತ ಕೃಷಿ ನಿರ್ದೇಶಕರು

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಸುಮಾರು ಎರಡು ದಶಕಗಳ ಕಾಲ ಮುನ್ನಡೆಸಿದ ಡಾ॥ ಲೆಸ್ಲಿ ಸಿ. ಕೋಲ್ಮನ್ ಅವರು 1878ರಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಜನಿಸಿದರು. ಟೊರೊಂಟೊ ವಿಶ್ವವಿದ್ಯಾಲಯದ ಪದವಿಯ ತರುವಾಯ ಜರ್ಮನಿಯ ಗಾಟಿಂಗನ್‌ನಲ್ಲಿ ಉನ್ನತ ವ್ಯಾಸಂಗ ಕೈಗೊಂಡರು. 1908ರಲ್ಲಿ ಪ್ರಕಟಗೊಂಡ ಅವರ ಸಂಶೋಧನೆಯ ವಿಷಯ ನೈಟ್ರೀಕರಣ. ಗೊಬ್ಬರವು ಕೊಳೆತಾಗ ಉಂಟಾಗುವ ಅಮೋನಿಯಾವನ್ನು ಮಣ್ಣಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಬಹುತೇಕ ಖುಷ್ಕಿ ಬೆಳೆಗಳು ಸಾರಜನಕವನ್ನು ಹೆಚ್ಚಾಗಿ ಈ ನೈಟ್ರೇಟ್ ರೂಪದಲ್ಲಿಯೇ ಹೀರಿಕೊಳ್ಳುತ್ತವೆ.

ಅದೇ ವರ್ಷ ಅವರು ಮೈಸೂರು ಸರ್ಕಾರದಲ್ಲಿ ಶಿಲೀಂಧ್ರ ಹಾಗೂ ಕೀಟಶಾಸ್ತ್ರಜ್ಞರಾಗಿ ಸೇವೆಗೆ ಸೇರಿದರು. ಮಲೆನಾಡಿನ ಅಡಿಕೆ ತೋಟಗಳನ್ನು ಬಾಧಿಸುತ್ತಿದ್ದ ಕೊಳೆರೋಗವನ್ನು ಅಭ್ಯಸಿಸಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. ಮುಂದೆ ಇಲಾಖೆಯ ನಿರ್ದೇಶಕರಾದರು. ಅವರ ಕಾಲದಲ್ಲಿ, 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆಯೂ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ಆರಂಭಗೊಂಡವು. 1934ರಲ್ಲಿ ನಿವೃತ್ತರಾದ ಅವರು 1954ರಲ್ಲಿ ನಿಧನರಾದರು.

ರಾಯಚೂರು ಜಿಲ್ಲೆಯು ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದರಿಂದ ಅವರ ಇಲಾಖೆಯ ಕಾರ್ಯವ್ಯಾಪ್ತಿ ಇಲ್ಲಿಗೆ ವಿಸ್ತರಿಸಿರಲಿಲ್ಲ. ಆದರೆ ಅವರು ಅಭ್ಯಸಿಸಿದ ಜೀವಾಣುಕ್ರಿಯೆ ಎಲ್ಲ ಭೂಮಿಗಳಿಗೂ ಅನ್ವಯಿಸುತ್ತದೆ. ಸಿಂಧನೂರು ತಾಲ್ಲೂಕಿನ ಬಹುಭಾಗ ಎರೆ ಭೂಮಿಯಾಗಿದ್ದು, ಲಿಂಗಸುಗೂರು ಹಾಗೂ ಮಸ್ಕಿ ಭಾಗಗಳಲ್ಲಿ ಮರಳುಮಿಶ್ರಿತ ಮಸಾರಿ ಭೂಮಿಯೂ ಇದೆ. ಮರಳು ಮಣ್ಣಿನಲ್ಲಿ ತೇವಾಂಶ ಬೇಗನೆ ಆರುತ್ತದೆ. ನೈಟ್ರೇಟ್ ನೀರಿನೊಡನೆ ಬಸಿದುಹೋಗುತ್ತದೆ. ಜೀವಾಣುಗಳಿಗೆ ಆಹಾರವಾದ ಸಾವಯವ ಇಂಗಾಲವೂ ಕಡಿಮೆ. ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್, ಎರೆಹುಳು ಗೊಬ್ಬರ ಹಾಗೂ ಹಸಿರೆಲೆ ಗೊಬ್ಬರಗಳು ಆಹಾರವನ್ನೂ ತೇವವನ್ನೂ ಒದಗಿಸಿ ಜೀವಾಣುಗಳ ಸಂಖ್ಯೆಯನ್ನು ವೃದ್ಧಿಸುತ್ತವೆ. ಆದರೆ ಕಳಿಯದ ಹುಲ್ಲು, ಕಡ್ಡಿಗಳನ್ನು ಬಿತ್ತನೆಯ ಹೊತ್ತಿಗೆ ಸೇರಿಸಿದಲ್ಲಿ ಜೀವಾಣುಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಳ್ಳುವುದರಿಂದ ಎಳೆಯ ಪೈರು ಹಳದಿಯಾಗಬಹುದು. ಆದ್ದರಿಂದ ಚೆನ್ನಾಗಿ ಕಳಿತ ಗೊಬ್ಬರವನ್ನೇ ಬಳಸುವುದು ಸೂಕ್ತ.

ಮಣ್ಣು ಪರೀಕ್ಷೆಗೆ ಮಾದರಿ ಸಲ್ಲಿಸುವ ರೈತ ಬಾಂಧವರು ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲದ ಪ್ರಮಾಣವನ್ನು ತಪ್ಪದೇ ಗಮನಿಸುವುದು. ಅದು ಶೇ. 0.5ಕ್ಕಿಂತ ಕಡಿಮೆ ಇದ್ದಲ್ಲಿ ಭೂಮಿಗೆ ಸಾವಯವ ಗೊಬ್ಬರದ ಅಗತ್ಯವಿದೆಯೆಂದು ತಿಳಿಯತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.