ರೋಲರ್ ಎಳೆದವರಿಗೆ ಸಿಗದ ನಾಯಕತ್ವ

ಕ್ರಿಕೆಟ್ ಆಡಿ ಸಂಬಳ ಪಡೆಯುವುದು ನಮ್ಮ ಓರಗೆಯ ಎಷ್ಟೋ ಹುಡುಗರ ಕನಸು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಯಾವ ಊರಿಗೆ ಹೋದರೂ ಭಾನುವಾರ ಕೆರೆ ಅಂಗಳದಲ್ಲೋ ಖಾಲಿ ಲೇಔಟಿನಲ್ಲೋ ಟೆನಿಸ್ ಬಾಲ್ ಟೂರ್ನಿ ನಡೆಯುತ್ತಿರುತ್ತದೆ. ಐಪಿಎಲ್ ಹರಾಜಿನ ದಿನವಂತೂ ಎಲ್ಲರ ಬಾಯಲ್ಲೂ ಕೋಟಿಗಳದ್ದೇ ಮಾತು. ನೂರ ಮೂವತ್ತು ವರ್ಷಗಳ ಹಿಂದೆಯೂ ಒಬ್ಬ ಹುಡುಗ ಕ್ರಿಕೆಟ್ ಮೈದಾನದಲ್ಲಿ ಸಂಬಳಕ್ಕೆ ನಿಂತಿದ್ದ. ಅವನ ಪಗಾರ ತಿಂಗಳಿಗೆ ಮೂರು ರೂಪಾಯಿ. ಅದನ್ನು ಕೊಡುತ್ತಿದ್ದದ್ದು ಮೈದಾನ ಗುಡಿಸಿ, ಪಿಚ್‌ಗೆ ರೋಲರ್ ಎಳೆದಿದ್ದಕ್ಕೆ. ಆ ಹುಡುಗ ಮುಂದೆ ದೇಶದ ಅತಿ ದೊಡ್ಡ ಬೌಲರ್ ಆದ. ಹೆಸರು ಪಾಲ್ವಂಕರ್ ಬಾಲೂ.

ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದ ಮಧ್ಯದಲ್ಲಿ. ಕುಟುಂಬದ ಮೂಲ ಕೊಂಕಣದ ಪಾಲವಣ. ಹೆಸರಿನಲ್ಲಿರುವುದು ಆ ಊರೇ. ಜಾತಿ ಚಮ್ಮಾರ. ತಂದೆಗೆ ಸೈನ್ಯದಲ್ಲಿ ಕೆಲಸವಿದ್ದುದರಿಂದ ಮನೆಮಂದಿ ಪುಣೆಗೆ ಹೋದರು. ಬ್ರಿಟಿಷ್ ಅಧಿಕಾರಿಗಳು ಬಳಸಿ ಬಿಸಾಡಿದ ಬ್ಯಾಟು, ಚೆಂಡುಗಳಲ್ಲಿ ಬಾಲೂ ಮತ್ತು ತಮ್ಮ ಶಿವರಾಂ ಆಟ ಕಲಿತರು. ಶಾಲೆ ಹೆಚ್ಚು ದಿನ ನಡೆಯಲಿಲ್ಲ, ಮನೆಗೆ ದುಡಿಮೆ ಬೇಕಿತ್ತು. ಪುಣೆಯಲ್ಲಿ ಪಾರ್ಸಿಗಳು ನಡೆಸುತ್ತಿದ್ದ ಕ್ಲಬ್ಬಿನಲ್ಲಿ ಸಿಕ್ಕ ಕೆಲಸವೇ ಆ ಮೂರು ರೂಪಾಯಿಯದು.

1892ರಲ್ಲಿ ಬಾಲೂ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಸಂಬಳ ಒಂದು ರೂಪಾಯಿ ಏರಿ ನಾಲ್ಕಾಯಿತು. ಪಿಚ್ ಸಿದ್ಧಪಡಿಸುವುದು, ಗೆರೆ ಎಳೆಯುವುದು, ನೆಟ್ ಕಟ್ಟುವುದು, ಟೆನಿಸ್ ಅಂಕಣ ನೋಡಿಕೊಳ್ಳುವುದು ಅವರ ಕೆಲಸ. ಬಿಡುವಿದ್ದಾಗ ಸಾಹೇಬರಿಗೆ ನೆಟ್‌ನಲ್ಲಿ ಬೌಲಿಂಗ್ ಮಾಡುವ ಅವಕಾಶ ಸಿಕ್ಕಿತು. ಎಡಗೈಯಲ್ಲಿ ನಿಧಾನವಾಗಿ, ಚೆಂಡು ತಿರುಗಿಸಿ ಹಾಕುತ್ತಿದ್ದರು. ಆ ಕ್ಲಬ್ಬಿನ ಹೆಸರಾಂತ ಬ್ಯಾಟ್ಸ್‌ಮನ್ ಜೆ.ಜಿ. ಗ್ರೇಗ್ ಉಳಿದವರಿಗಿಂತ ಮೊದಲೇ ಬಂದು ಬಾಲೂ ಎದುರು ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರು ಎನ್ನುತ್ತಾರೆ. ಆದರೆ ಬ್ಯಾಟ್ ಹಿಡಿಯುವುದು ದೊರೆಗಳ ಕೆಲಸ, ಬೆವರು ಸುರಿಸಿ ಬೌಲ್ ಮಾಡುವುದು ಆಳಿನ ಕೆಲಸ ಎಂಬಂತಿದ್ದ ಕಾಲ. ನೆಟ್‌ನಲ್ಲಿ ಬಾಲೂ ಕೈಗೆ ಯಾರೂ ಬ್ಯಾಟ್ ಕೊಡಲಿಲ್ಲ.

ಪಿಚ್‌ಗೆ ಹೊದಿಕೆ ಇಲ್ಲದಿದ್ದ ದಿನಗಳವು. ಮಳೆ ಬಿದ್ದು ಬಿಸಿಲೇರಿದರೆ ಚೆಂಡು ಹೇಗೆ ಪುಟಿಯುತ್ತದೆ, ಒಣಗಿದ ನೆಲದಲ್ಲಿ ಎಲ್ಲಿ ತಿರುಗುತ್ತದೆ ಎಂಬುದು ರೋಲರ್ ಎಳೆಯುವವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಲು ಸಾಧ್ಯ? ಬಾಲೂ ಅವರ ಕೋಚಿಂಗ್ ಶಾಲೆ ಆ ಕೂಲಿ ಕೆಲಸವೇ ಆಗಿತ್ತು ಎಂದು ನನಗನ್ನಿಸುತ್ತದೆ.

ಊರಿನ ಹಿಂದೂ ತಂಡಕ್ಕೆ ಈಗ ಪೇಚಿಗಿಟ್ಟುಕೊಂಡಿತು. ಯುರೋಪಿಯನ್ನರನ್ನು ಸೋಲಿಸಲು ಇಂಥ ಬೌಲರ್ ಬೇಕು. ಆದರೆ ಆತ ಅಸ್ಪೃಶ್ಯ. ವಾದ ವಿವಾದ ನಡೆದು ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಬಾಲೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾ ವಿರಾಮದಲ್ಲಿ ಮಾತ್ರ ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಲೂಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ಇದನ್ನು ಓದುವಾಗ ನನಗೆ ನಮ್ಮ ಅಜ್ಜ ಹೇಳುತ್ತಿದ್ದ ಹೋಟೆಲಿನ ಎರಡು ಲೋಟಗಳ ನೆನಪಾಯಿತು. ಒಳಗೆ ಕೂತವರಿಗೆ ಒಂದು ಲೋಟ, ಹೊರಗೆ ನಿಂತು ಕುಡಿದು, ತಾವೇ ತೊಳೆದಿಡಬೇಕಾದವರಿಗೆ ಇನ್ನೊಂದು. ಹಾಗಾಗಿ ಪುಣೆಯ ಆ ಮಣ್ಣಿನ ಕುಡಿಕೆ ನನಗೆ ಯಾವುದೋ ದೂರದ ಊರಿನ ಕಥೆ ಅನ್ನಿಸಲಿಲ್ಲ.

ವಿಕೆಟ್‌ಗಳು ಬೀಳುತ್ತಾ ಹೋದಂತೆ ಕೆಲವು ಗೋಡೆಗಳೂ ಸಡಿಲವಾದವು. ಸತಾರಾದಲ್ಲಿ ಬಿಳಿಯರ ತಂಡವನ್ನು ಸೋಲಿಸಿದಾಗ ಬಾಲೂ ಅವರನ್ನು ಆನೆಯ ಮೇಲೆ ಮೆರವಣಿಗೆ ಮಾಡಿದರು. ಪುಣೆಗೆ ಮರಳಿದಾಗ ಮಹಾದೇವ ಗೋವಿಂದ ರಾನಡೆಯವರು ಹಾರ ಹಾಕಿದರು. 1896ರಲ್ಲಿ ಪ್ಲೇಗ್ ಬಂದ ಸಮಯಕ್ಕೆ ಬಾಲೂ ಮುಂಬೈ ಸೇರಿ, ಮೊದಲು ಸೈನ್ಯದಲ್ಲಿ, ಆಮೇಲೆ ರೈಲ್ವೆಯಲ್ಲಿ ನೌಕರಿ ಮಾಡುತ್ತಾ ಹಿಂದೂ ಜಿಮ್ಖಾನಾ ಪರ ಆಡತೊಡಗಿದರು. 1906ರ ಫೆಬ್ರುವರಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಬಂಗಾಳ ವಿಭಜನೆಯಾಗಿ, ಸ್ವದೇಶಿ ಚಳವಳಿ ಕಾವೇರಿದ್ದ ಹೊತ್ತು ಅದು. ಬಾಲೂ ಆ ಪಂದ್ಯದಲ್ಲಿ ಎಂಟು ವಿಕೆಟ್ ಪಡೆದಿದ್ದರು.

1911ರಲ್ಲಿ ಮೊದಲ ಬಾರಿಗೆ ಎಲ್ಲ ಧರ್ಮದವರಿದ್ದ ಅಖಿಲ ಭಾರತ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಹೋಯಿತು. ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ವಯಸ್ಸು ಹತ್ತೊಂಬತ್ತು, ಬಹುಪಾಲು ಪಂದ್ಯಗಳಲ್ಲಿ ಆಡಲೇ ಇಲ್ಲ. ನಮ್ಮ ಮೈಸೂರು ಸಂಸ್ಥಾನದ ಬಿ. ಜಯರಾಂ ಕೂಡ ಆ ತಂಡದಲ್ಲಿದ್ದರು. ತಂಡ ಹೆಚ್ಚಿನ ಪಂದ್ಯಗಳನ್ನು ಸೋತಿತು. ಮೂವತ್ತೈದು ದಾಟುತ್ತಿದ್ದ ಬಾಲೂ ಮಾತ್ರ ನೋಯುವ ಭುಜದಲ್ಲೇ ಬೌಲ್ ಮಾಡಿ 114 ವಿಕೆಟ್ ಕಿತ್ತರು. ಮುಂಬೈಯಲ್ಲಿ ಅವರನ್ನು ಮೆಚ್ಚಿ ನೋಡುತ್ತಿದ್ದ ಯುವಕರಲ್ಲಿ ಭೀಮರಾವ್ ಅಂಬೇಡ್ಕರ್ ಎಂಬ ವಿದ್ಯಾರ್ಥಿಯೂ ಇದ್ದರು.

ಆಟಕ್ಕೆ ಹಣ ಪಡೆಯುವವರನ್ನು ಕೀಳಾಗಿ ಕಾಣುವ ರೂಢಿ ಆಗ ಬೇರೆ ದೇಶಗಳಲ್ಲೂ ಇತ್ತು. ಇಂಗ್ಲೆಂಡ್ ಕ್ರಿಕೆಟ್‌ನಲ್ಲಿ ಹಣಕ್ಕೆ ಆಡುವವರೇ ಬೇರೆ ವರ್ಗ. ನಾಯಕತ್ವ ಸಾಮಾನ್ಯವಾಗಿ ಹಣಕ್ಕಾಗಿ ಆಡದ ಸಿರಿವಂತರಿಗೇ ಮೀಸಲು. ಅಮೆರಿಕದ ಮೂಲನಿವಾಸಿ ಜನಾಂಗದ ಜಿಮ್ ಥೋರ್ಪ್ 1912ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. ಹಿಂದೆ ಬೇಸಿಗೆ ರಜೆಯಲ್ಲಿ ಅಲ್ಪ ಹಣಕ್ಕೆ ಬೇಸ್‌ಬಾಲ್ ಆಡಿದ್ದರು ಎಂಬ ಕಾರಣಕ್ಕೆ ಮರುವರ್ಷವೇ ಪದಕ ಕಿತ್ತುಕೊಂಡರು. ಆಮೇಲೆ ಅವರು ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಡಿದರು. 1915ರಲ್ಲಿ ಅವರಿಗೆ ಪಂದ್ಯಕ್ಕೆ 250 ಡಾಲರ್ ಸಿಗುತ್ತಿತ್ತು. 1920ರಲ್ಲಿ, ಈಗಿನ ಎನ್‌ಎಫ್‌ಎಲ್ ಆಗಿ ಬೆಳೆದ ಸಂಘಟನೆಗೆ ಅವರೇ ಮೊದಲ ಅಧ್ಯಕ್ಷರಾದರು. ಬಾಲೂ ಅವರಿಗೆ ಇಂಥದ್ದೊಂದು ದಾರಿ ತೆರೆಯಲೇ ಇಲ್ಲ. ಇಲ್ಲಿ ಬಡತನದ ಮೇಲೆ ಜಾತಿಯೂ ಕೂತಿತ್ತು.

ಮುಂಬೈಯಲ್ಲಿ ಪ್ರತಿವರ್ಷ ಯುರೋಪಿಯನ್, ಪಾರ್ಸಿ, ಹಿಂದೂ, ಮುಸ್ಲಿಂ ತಂಡಗಳ ಚತುಷ್ಕೋನ ಟೂರ್ನಿ ನಡೆಯುತ್ತಿತ್ತು. ಬಾಲೂ, ಶಿವರಾಂ, ಗಣಪತ್, ವಿಠಲ್ ನಾಲ್ವರೂ ಅಣ್ಣತಮ್ಮಂದಿರು ಹಿಂದೂ ತಂಡಕ್ಕೆ ಆಡಿದರು. ತಂಡದ ಅತ್ಯಂತ ಅನುಭವಿ ಆಟಗಾರ ಬಾಲೂ. ಆದರೂ ನಾಯಕನ ಆಯ್ಕೆ ಬಂದಾಗಲೆಲ್ಲ ಮೇಲ್ಜಾತಿಯವರ ಹೆಸರೇ ಬಂತು. 1913ರಲ್ಲಿ ನಾಯಕರಾದ ಎಂ.ಡಿ. ಪೈ ಅವರೇ ಆ ಗೌರವ ಬಾಲೂಗೆ ಸಲ್ಲಬೇಕಿತ್ತೆಂದು ಒಪ್ಪಿಕೊಂಡಿದ್ದರು. 1920ರಲ್ಲಂತೂ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಆಗ ಶಿವರಾಂ ಮತ್ತು ವಿಠಲ್ ತಮ್ಮ ಸ್ಥಾನ ಉಳಿಸಿಕೊಳ್ಳಲು ನೋಡಲಿಲ್ಲ. ಪ್ರತಿಭಟಿಸಿ ತಂಡದಿಂದ ಹೊರಬಂದರು. ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಫೈನಲ್ ಹೊತ್ತಿಗೆ ಬಾಲೂ ಅವರನ್ನು ಉಪನಾಯಕರನ್ನಾಗಿ ಕರೆದುಕೊಳ್ಳಬೇಕಾಯಿತು, ತಮ್ಮಂದಿರೂ ಮರಳಿದರು. ಪೈ ಮೈದಾನದಿಂದ ಹೊರಗೆ ಹೋಗಿದ್ದಷ್ಟು ಹೊತ್ತು ಬಾಲೂ ತಂಡ ನಡೆಸಿದರು. ಅವರಿಗೆ ದಕ್ಕಿದ್ದು ಅಷ್ಟೇ. 1923ರಲ್ಲಿ ವಿಠಲ್ ಹಿಂದೂ ತಂಡದ ನಾಯಕರಾದರು.

ಬಾಲೂ ಅವರ ಪ್ರಥಮ ದರ್ಜೆ ಲೆಕ್ಕ ಹೀಗಿದೆ: 33 ಪಂದ್ಯ, 179 ವಿಕೆಟ್, ಸರಾಸರಿ 15.21. ಆಮೇಲೆ ಅವರು ಸಾರ್ವಜನಿಕ ಜೀವನಕ್ಕೆ ಬಂದರು. ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಅಂಬೇಡ್ಕರ್ ಅವರೊಂದಿಗೆ ಭಿನ್ನಾಭಿಪ್ರಾಯ ಬಂತು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಒಬ್ಬರು. 1937ರ ಮುಂಬೈ ಶಾಸನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ವಿರುದ್ಧವೇ ನಿಲ್ಲಿಸಿತು. 13,245 ಮತ ಪಡೆದು ಅಂಬೇಡ್ಕರ್ ಗೆದ್ದರು. ಬಾಲೂಗೆ 11,225 ಮತ ಬಂದವು. 1955ರ ಜುಲೈನಲ್ಲಿ ಬಾಲೂ ಮುಂಬೈಯಲ್ಲಿ ತೀರಿಕೊಂಡರು.

ಕಷ್ಟಪಟ್ಟರೆ ಎಲ್ಲವೂ ಸಿಗುತ್ತದೆ ಎಂದು ನಮಗೆ ಪ್ರೇರಣಾ ಭಾಷಣಗಳಲ್ಲಿ ದಿನವೂ ಹೇಳುತ್ತಾರೆ. ಡಿಗ್ರಿ ಮುಗಿಸಿ, ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸ ಮಾಡುತ್ತಾ, ರಾತ್ರಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನನ್ನಂಥವರಿಗೆ ಆ ಮಾತು ಕೇಳಲು ಹಿತ. ಆದರೆ ಬಾಲೂ ಬದುಕು ಅಷ್ಟು ಸುಲಭದ ಪಾಠ ಹೇಳುವುದಿಲ್ಲ. ಅವರ ಕಷ್ಟ, ಕೈಚಳಕ ಅವರನ್ನು ತಂಡದೊಳಗೆ ತಂದವು. ನಾಯಕನ ಸ್ಥಾನದ ಬಾಗಿಲು ಮಾತ್ರ ಅವರ ವಿಕೆಟ್‌ಗಳಿಂದ ತೆರೆಯಲಿಲ್ಲ. ಇಬ್ಬರು ತಮ್ಮಂದಿರು ತಮಗೆ ಸಿಕ್ಕಿದ್ದ ಅವಕಾಶವನ್ನೇ ಬಿಟ್ಟು ಹೊರಗೆ ನಿಂತ ಮೇಲಷ್ಟೇ ಅದು ಸ್ವಲ್ಪ ಸರಿಯಿತು. ಪೂರ್ತಿ ತೆರೆಯುವ ಹೊತ್ತಿಗೆ ಬಾಲೂ ಆಟ ಮುಗಿದಿತ್ತು. ಅದರಲ್ಲಿ ನಡೆದು ಹೋದದ್ದು ವಿಠಲ್.

ಓದು, ಅಭ್ಯಾಸ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಬಾಲೂ ಒಂದು ದಿನವೂ ಬಿಡಲಿಲ್ಲ. ಅದರ ಜೊತೆಗೆ ಶಿವರಾಂ, ವಿಠಲ್ ಮಾಡಿದ ಕೆಲಸವೂ ನಮ್ಮ ಪಾಲಿಗಿದೆ. ಊರ ತಂಡಕ್ಕೆ ಹನ್ನೊಂದು ಹೆಸರು ಬರೆಯುವಾಗ, ಕಾಲೇಜಿನಲ್ಲಿ ಪ್ರತಿನಿಧಿಯನ್ನು ಆರಿಸುವಾಗ, ನಾಳೆ ಕೆಲಸದ ಜಾಗದಲ್ಲಿ ಯಾರಿಗೋ ಬಡ್ತಿ ತಪ್ಪಿದಾಗ, ಬಿಟ್ಟುಹೋದ ಹೆಸರು ಯಾರದು, ಯಾಕೆ ಬಿಟ್ಟಿರಿ ಎಂದು ಆಯ್ಕೆಯಾದವರೇ ಕೇಳಬೇಕು. ಹೊರಗುಳಿದವನೇ ಕೇಳಿದರೆ ಅದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ಸುಲಭ.