ದೀನಬಂಧು ಆಂಡ್ರೂಸರು

ದಕ್ಷಿಣ ದೆಹಲಿಯ ಆಂಡ್ರೂಸ್ ಗಂಜ್ ಎಂಬ ಬಡಾವಣೆಯ ಹೆಸರನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಆ ಆಂಡ್ರೂಸ್ ಯಾರೆಂಬುದನ್ನು ಬಲ್ಲವರು ಕೆಲವರೇ. ಆಳುವವರ ನಾಡಿನಲ್ಲಿ ಹುಟ್ಟಿ, ಆಳಿಸಿಕೊಳ್ಳುವವರ ಪಕ್ಕದಲ್ಲಿ ಬಾಳಿದ ಆ ಮಹನೀಯರ ಚರಿತ್ರೆ ದೆಹಲಿಯ ವಿದ್ಯಾರ್ಥಿಗಳಾದ ನಮಗೆ ತಿಳಿದಿರಬೇಕಾದುದು.

ಚಾರ್ಲ್ಸ್ ಫ್ರೀಯರ್ ಆಂಡ್ರೂಸರು 1871ನೆಯ ಇಸವಿ ಫೆಬ್ರವರಿ 12ರಂದು ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ಜನಿಸಿದರು. ತಂದೆ ಧರ್ಮಬೋಧಕರು; ಮಕ್ಕಳು ಹದಿನಾಲ್ವರು. ತಾಯಿಯ ಪಾಲಿನ ಹಣವನ್ನು ನೋಡಿಕೊಳ್ಳುತ್ತಿದ್ದ ಸ್ನೇಹಿತನೊಬ್ಬನು ಅದನ್ನೆಲ್ಲ ಸಟ್ಟಾ ವ್ಯವಹಾರದಲ್ಲಿ ಕಳೆದುಬಿಟ್ಟನು. ಮನೆಗೆ ಬಡತನ ಬಂದಿತು. ಆದರೂ ತಂದೆಯವರು ಆ ಸ್ನೇಹಿತನನ್ನು ಶಪಿಸದೆ, ಅವನಿಗಾಗಿಯೇ ದೇವರಲ್ಲಿ ಪ್ರಾರ್ಥಿಸಿದರು. ಬಾಲಕನಾಗಿದ್ದ ಆಂಡ್ರೂಸರ ಮನಸ್ಸಿನಲ್ಲಿ ಆ ಪ್ರಾರ್ಥನೆ ಕೊನೆಯವರೆಗೂ ಅಚ್ಚಳಿಯದೆ ಉಳಿಯಿತು.

ದಾನದ ವಿಷಯದಲ್ಲಿ ಕ್ರೈಸ್ತ ಧರ್ಮದ ಬೋಧೆ ಸ್ಪಷ್ಟವಾದುದು. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಪುರೋಹಿತನು ಕಂಡೂ ಕಾಣದಂತೆ ಹೋದನು. ಆದರೆ ಕೀಳೆಂದು ಎಣಿಸಲಾಗಿದ್ದ ಸಮಾರ್ಯ ದೇಶದವನೊಬ್ಬನು ನಿಂತು, ಗಾಯ ಕಟ್ಟಿ, ಛತ್ರಕ್ಕೆ ಸೇರಿಸಿ, ವೆಚ್ಚವನ್ನೂ ತಾನೇ ತೆತ್ತನು. ಕಷ್ಟದಲ್ಲಿರುವವನೇ ನೆರೆಯವನು, ಅವನ ಕುಲಗೋತ್ರಗಳನ್ನು ವಿಚಾರಿಸಬೇಕಾಗಿಲ್ಲ ಎಂಬುದು ಈ ಕಥೆಯ ತಿರುಳು. ನಮ್ಮ ಶರಣರ ದಾಸೋಹದ ತತ್ತ್ವವೂ ಇದಕ್ಕೆ ದೂರವಾದುದಲ್ಲ. ಆದರೆ ಬಿದ್ದವರು ಒಬ್ಬಿಬ್ಬರಲ್ಲ, ಸಾವಿರಾರು ಮಂದಿಯಾದರೆ ಅವರನ್ನು ಎತ್ತಬೇಕಾದವರು ಯಾರು? ಮೊದಲ ಕ್ರೈಸ್ತರು ವಿಧವೆಯರಿಗೆ ಅನ್ನ ಹಂಚಲು ಏಳು ಮಂದಿಯನ್ನು ನೇಮಿಸಿದರು. ಇಂಗ್ಲೆಂಡಿನಲ್ಲಿ 1601ರ ಶಾಸನವು ಬಡವರ ಪೋಷಣೆಗಾಗಿ ಆಯಾ ಊರಿನವರಿಂದಲೇ ತೆರಿಗೆ ಎತ್ತುವ ಏರ್ಪಾಡು ಮಾಡಿತು. ಅದು ವ್ಯಕ್ತಿಯ ಕರ್ತವ್ಯವೋ, ಧರ್ಮಸಂಸ್ಥೆಯದೋ, ಸರ್ಕಾರದ್ದೋ ಎಂಬ ವಾದ ಮಾತ್ರ ಮುಗಿಯಲಿಲ್ಲ.

ಆಂಡ್ರೂಸರು ಕೇಂಬ್ರಿಜಿನಲ್ಲಿ ಓದುತ್ತಿದ್ದಾಗಲೇ ಈ ಪ್ರಶ್ನೆ ಅವರನ್ನು ಕಾಡಿತು. ಕ್ರೈಸ್ತ ಧರ್ಮಕ್ಕೂ ಬಂಡವಾಳಗಾರರು ಮತ್ತು ಕಾರ್ಮಿಕರ ಹೋರಾಟಕ್ಕೂ ಇರುವ ಸಂಬಂಧವನ್ನು ಕುರಿತ ಅವರ ಪ್ರಬಂಧವು 1896ರಲ್ಲಿ ಪ್ರಕಟವಾಯಿತು. ಮುಂದೆ ಅವರು ಲಂಡನ್ನಿನ ವಾಲ್‌ವರ್ತ್ ಎಂಬ ಬಡವರ ಕೇರಿಯಲ್ಲಿ ವಾಸಮಾಡಿ ಸೇವೆ ಸಲ್ಲಿಸಿದರು.

1904ರ ಮಾರ್ಚ್ ತಿಂಗಳಲ್ಲಿ ಅವರು ದೆಹಲಿಗೆ ಬಂದು, ಆಗ ಕಾಶ್ಮೀರಿ ಗೇಟಿನಲ್ಲಿದ್ದ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಲ್ಲಿ ಸುಶೀಲ್ ಕುಮಾರ್ ರುದ್ರ ಎಂಬ ಭಾರತೀಯ ಅಧ್ಯಾಪಕರ ಗೆಳೆತನ ದೊರೆಯಿತು. ಪ್ರಿನ್ಸಿಪಾಲರ ಸ್ಥಾನ ತೆರವಾದಾಗ ಅದು ಅರ್ಹರಾದ ರುದ್ರರಿಗೇ ಸಲ್ಲಬೇಕೆಂದು ಆಂಡ್ರೂಸರು ಹಟ ಹಿಡಿದರು. 1906ರಲ್ಲಿ ರುದ್ರರು ಆ ಕಾಲೇಜಿನ ಮೊದಲ ಭಾರತೀಯ ಪ್ರಿನ್ಸಿಪಾಲರಾದರು. ಹಣ ಕೊಡುವುದಷ್ಟೇ ದಾನವಲ್ಲ. ಇನ್ನೊಬ್ಬರಿಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಬಿಟ್ಟುಕೊಡುವುದು ಅದಕ್ಕಿಂತ ಮೊದಲಿನ ಕೆಲಸವೆಂಬುದನ್ನು ಅವರು ಹೀಗೆ ತೋರಿಸಿಕೊಟ್ಟರು.

1913ರಲ್ಲಿ ದಕ್ಷಿಣ ಆಫ್ರಿಕದ ಭಾರತೀಯರ ಹೋರಾಟಕ್ಕಾಗಿ ಗೋಖಲೆಯವರು ಧನಸಂಗ್ರಹ ಮಾಡುತ್ತಿದ್ದರು. ಆಂಡ್ರೂಸರು ತಾವು ಕೂಡಿಟ್ಟಿದ್ದ ಹಣವನ್ನೆಲ್ಲ ಒಪ್ಪಿಸಿದರು. ಅಷ್ಟಕ್ಕೆ ತೃಪ್ತರಾಗದೆ, ಗೆಳೆಯ ಪಿಯರ್ಸನ್ನರೊಡನೆ ತಾವೇ ಹಡಗು ಹತ್ತಿದರು. 1914ರ ಜನವರಿಯಲ್ಲಿ ಡರ್ಬನ್ ಬಂದರಿನಲ್ಲಿ ಗಾಂಧೀಜಿಯವರನ್ನು ಕಂಡೊಡನೆ ಬಾಗಿ ಅವರ ಪಾದ ಮುಟ್ಟಿದರು. ಆಂಗ್ಲನೊಬ್ಬನು ಭಾರತೀಯನ ಕಾಲು ಮುಟ್ಟಿದನೆಂದು ಅಲ್ಲಿಯ ಬಿಳಿಯರು ಕೆರಳಿದರು. ಆಂಡ್ರೂಸರು ಅದನ್ನು ಲಕ್ಷಿಸಲಿಲ್ಲ.

ಮರುವರ್ಷ ಅವರು ಫಿಜಿ ದ್ವೀಪಗಳಿಗೆ ತೆರಳಿದರು. 1879ರಿಂದ ಅಲ್ಲಿಗೆ ಸುಮಾರು 60,000 ಭಾರತೀಯರನ್ನು ಐದು ವರ್ಷಗಳ ಕರಾರಿನ ಮೇಲೆ ಕಬ್ಬಿನ ತೋಟಗಳಿಗೆ ಒಯ್ಯಲಾಗಿತ್ತು. ಆ ಕರಾರು ಜನರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಅವರಿಗೆ ಬಟ್ಟೆಯನ್ನೋ ಔಷಧವನ್ನೋ ಹಂಚಿ ಮರಳಬಹುದಾಗಿತ್ತು. ಆಂಡ್ರೂಸರು ಹಾಗೆ ಮಾಡಲಿಲ್ಲ. ಕೂಲಿಯವರ ಸಾಲುಮನೆಗಳಿಗೆ ಹೋಗಿ ವಿಚಾರಿಸಿ, ಪಿಯರ್ಸನ್ನರೊಡನೆ 1916ರಲ್ಲಿ ವರದಿ ಪ್ರಕಟಿಸಿ, ಆ ಪದ್ಧತಿಯೇ ತೊಲಗಬೇಕೆಂದು ವಾದಿಸಿದರು. 1917ರಲ್ಲಿ ಜನರನ್ನು ಒಯ್ಯುವುದು ನಿಂತಿತು. 1920ರ ಜನವರಿ 1ರಂದು ಫಿಜಿಯಲ್ಲಿ ಉಳಿದಿದ್ದ ಕರಾರುಗಳೂ ರದ್ದಾದವು. ಅಲ್ಲಿಯ ಭಾರತೀಯರು ಅವರನ್ನು ‘ದೀನಬಂಧು’ ಎಂದು ಕರೆದರು.

1921ರಲ್ಲಿ ಅಸ್ಸಾಮಿನ ಚಾರ್ಗೋಲಾ ಕಣಿವೆಯ ಚಹಾ ತೋಟಗಳ ಕೂಲಿಗಳು ಅಲ್ಪ ಕೂಲಿಯಲ್ಲಿ ಬದುಕಲಾರದೆ ತಮ್ಮ ಊರುಗಳತ್ತ ಹೊರಟರು. ಪೂರ್ವ ಬಂಗಾಳದ ಚಾಂದ್‌ಪುರದಲ್ಲಿ ಅವರ ಪ್ರಯಾಣ ತಡೆಯಿತು. ಅವರನ್ನು ಸೈನಿಕರು ರಾತ್ರಿಯ ವೇಳೆ ರೈಲ್ವೆ ನಿಲ್ದಾಣದಿಂದ ಬಲಾತ್ಕಾರವಾಗಿ ಹೊರಗಟ್ಟಿದರು. ಮೇಲೆ ಕಾಲರಾ ಬೇರೆ ಹಬ್ಬಿತು. ಆಂಡ್ರೂಸರು ಅಲ್ಲಿಗೆ ಧಾವಿಸಿ ರೋಗಿಗಳ ಸೇವೆಗೆ ನಿಂತರು. ಇವರನ್ನು ಊರಿಗೆ ಮುಟ್ಟಿಸುವ ವೆಚ್ಚದಲ್ಲಿ ಸರ್ಕಾರವೂ ಪಾಲು ಕೊಡಬೇಕೆಂದು ಕೇಳಿಕೊಂಡರು. ಒಡೆಯರಿಗೂ ಆಳುಗಳಿಗೂ ನಡುವಿನ ವಿವಾದದಲ್ಲಿ ತಾನು ಯಾರ ಪಕ್ಷವನ್ನೂ ವಹಿಸಲಾರೆನೆಂದು ಸರ್ಕಾರ ನಿರಾಕರಿಸಿತು. ಕಡೆಗೆ ಜನರು ಕೊಟ್ಟ ಹಣದಿಂದಲೇ ಆ ಬಡವರು ಪ್ರಯಾಣ ಮುಂದುವರಿಸಿದರು. ಸರ್ಕಾರ ಕೊಡಲಿಲ್ಲವೆಂದು ಆಂಡ್ರೂಸರು ರೋಗಿಯ ಹಾಸಿಗೆಯನ್ನು ಬಿಟ್ಟೇಳಲಿಲ್ಲ. ತಾವು ಸೇವೆ ಮಾಡುತ್ತಿರುವೆವೆಂದು ಸರ್ಕಾರದ ಹೊಣೆಯನ್ನು ಮನ್ನಿಸಲೂ ಇಲ್ಲ. ಎರಡನ್ನೂ ಒಟ್ಟಿಗೆ ಹಿಡಿದುದೇ ಅವರ ಹಿರಿಮೆ.

ಸ್ವಂತ ಜೀವನದಲ್ಲಿ ಅವರಿಗೆ ಲೆಕ್ಕಾಚಾರವೇ ತಿಳಿಯದು. ಕೇಳಿದವರಿಗೆ ಹಣವನ್ನೂ ಉಟ್ಟ ಬಟ್ಟೆಯನ್ನೂ ಕೊಟ್ಟುಬಿಡುತ್ತಿದ್ದರು. ಮೋಸಹೋದದ್ದೂ ಉಂಟು. ಪಾತ್ರಾಪಾತ್ರ ವಿವೇಚನೆಯಿಲ್ಲವೆಂದು ಸ್ನೇಹಿತರು ಆಕ್ಷೇಪಿಸುತ್ತಿದ್ದರು. ಅವರ ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಅವಿಚಾರದ ದಾನದಿಂದ ವಂಚಕನಿಗೆ ಲಾಭವಾಗಬಹುದು. ಆದರೆ ವಂಚಕನ ಭಯದಿಂದ ಕೈ ಮುಚ್ಚಿದರೆ ನಿಜವಾಗಿ ಹಸಿದವನೂ ಬರಿಗೈಯಲ್ಲಿ ಹಿಂದಿರುಗುವನು. ಇವೆರಡರಲ್ಲಿ ಮೊದಲನೆಯ ನಷ್ಟವನ್ನು ಆಂಡ್ರೂಸರು ಸಂತೋಷದಿಂದ ಹೊತ್ತರು.

1940ರ ಏಪ್ರಿಲ್ 5ರಂದು ಕಲ್ಕತ್ತೆಯಲ್ಲಿ ಅವರು ತೀರಿಕೊಂಡರು. ಅಲ್ಲಿಯೇ ಅವರ ಸಮಾಧಿಯಿದೆ. 1971ರಲ್ಲಿ ಅವರ ಜನ್ಮಶತಾಬ್ದಿಯಂದು ಭಾರತ ಸರ್ಕಾರವು ಅಂಚೆಚೀಟಿಯನ್ನು ಹೊರಡಿಸಿ ಗೌರವ ಸಲ್ಲಿಸಿತು.

ಬಡವರಿಗೆ ನೆರವಾಗಬೇಕಾದವರು ಯಾರೆಂಬ ಚರ್ಚೆ ಇಂದಿಗೂ ನಡೆಯುತ್ತಿದೆ. ಸರ್ಕಾರ ಮಾಡಲಿ ಎಂದು ಕೆಲವರು, ಪುಣ್ಯವಂತರು ಮಾಡಲಿ ಎಂದು ಕೆಲವರು ಹೇಳುವರು. ದೀನಬಂಧುಗಳ ಜೀವನವನ್ನು ಓದಿದವರಿಗೆ ಈ ಎರಡು ಮಾತುಗಳಲ್ಲಿಯೂ ಒಂದು ಕೊರತೆ ಕಾಣುವುದು: ಎರಡರಲ್ಲಿಯೂ ‘ನಾನು’ ಎಂಬ ಶಬ್ದವಿಲ್ಲ. ನ್ಯಾಯವನ್ನು ಸರ್ಕಾರದಿಂದ ಕೇಳಬೇಕು; ನೀರನ್ನು ನಾವೇ ತಂದುಕೊಡಬೇಕು. ದೆಹಲಿಯ ಚಳಿಯಲ್ಲಿ ಬೀದಿಯ ಬದಿಯಲ್ಲಿ ನಡುಗುವವನನ್ನು ಕಂಡಾಗ ಈ ಮಾತು ನಮಗೆ ನೆನಪಾದರೆ, ಆಂಡ್ರೂಸರ ಹೆಸರನ್ನು ಒಂದು ಬಡಾವಣೆಗೆ ಇಟ್ಟುದು ಸಾರ್ಥಕವಾದೀತು.